ಬೆನ್ನ ಹಿಂದಿನ ಅದ್ಭುತಗಳು

ಟೋಕನ್ ಮಾಮ ಪ್ರಪಂಚ ಸುತ್ತಿಕೊಂಡು ಬಂದರು. ಐಫೆಲ್ ಗೋಪುರದ ಬುಡದಲ್ಲಿ ಅರ್ಧ ದಿನ ಕಳೆದರು. ಪಿರಮಿಡ್ಡಿನ ನೆರಳಿನಲ್ಲಿ ಬೆವರು ಒರೆಸಿಕೊಂಡರು. ಪೀಸಾದ ವಾಲಿದ ಗೋಪುರದ ಪಕ್ಕದಲ್ಲೇ ಕುಳಿತು ಬಾಳೆಹಣ್ಣು ತಿಂದರು. ಚೀನಾದ ಮಹಾಗೋಡೆಗೆ ಬೆನ್ನು ಒರಗಿಸಿ ಆಕಳಿಸಿದರು. ಇಷ್ಟೆಲ್ಲ ಮಾಡಿದ ಮಹಾನುಭಾವರು ಇವುಗಳಲ್ಲಿ ಒಂದನ್ನೂ ನೋಡಲಿಲ್ಲ ಎಂದರೆ ನೀವು ನಂಬುವುದಿಲ್ಲ. ಅವರ ಬೀದಿಯವರಿಗೂ ಅದು ಹೊಳೆಯಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಮಾಮನ ಕೆಲಸ ರೈಲ್ವೆ ಸ್ಟೇಷನ್ನಿನ ಲಗೇಜ್ ರೂಮಿನಲ್ಲಿ. ಪ್ರಯಾಣಿಕರು ಪೆಟ್ಟಿಗೆ ಕೊಟ್ಟರೆ ಇವರು ಹಿತ್ತಾಳೆಯ ಟೋಕನ್ ಕೊಡಬೇಕು. ಅವರು ಟೋಕನ್ ಕೊಟ್ಟರೆ ಇವರು ಪೆಟ್ಟಿಗೆ ಕೊಡಬೇಕು. ಇಷ್ಟೇ ಕೆಲಸ. ಆದರೆ ಇಷ್ಟನ್ನೇ ಮಾಮ ದೇಶದ ಗಡಿ ಕಾಯುವವರ ಗತ್ತಿನಲ್ಲಿ ಮಾಡುತ್ತಿದ್ದರು. ಅವರಿಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: "ನೋಡಪ್ಪ, ಸಾಮಾನು ಕಾಯೋನಿಗೆ ಬೆನ್ನಿಗೊಂದು ಗೋಡೆ ಇರ್ಬೇಕು, ಕಣ್ಣೆದುರಿಗೆ ಸಾಮಾನಿರ್ಬೇಕು. ಕಳ್ಳ ಯಾವಾಗ್ಲೂ ಹಿಂದಿನಿಂದ ಬರ್ತಾನೆ. ನೀನು ಹಿಂದೆ ಜಾಗಾನೇ ಕೊಡ್ಬೇಡ."

ಅವತ್ತಿನಿಂದ ಮಾಮ ಎಲ್ಲಿಗೆ ಹೋದರೂ ಮೊದಲು ಗೋಡೆ ಹುಡುಕುತ್ತಿದ್ದರು. ಗೋಡೆಗೆ ಬೆನ್ನು ಕೊಟ್ಟು, ಕಾಲು ಸ್ವಲ್ಪ ಅಗಲಿಸಿ ಕುಳಿತ ಮಾಮನನ್ನು ಕಂಡರೆ ಸಾಕು, ಗುರುತು ಪರಿಚಯವಿಲ್ಲದವರಿಗೂ ಅದೇನೋ ನಂಬಿಕೆ ಹುಟ್ಟಿಬಿಡುತ್ತಿತ್ತು. "ಸ್ವಲ್ಪ ಈ ಬ್ಯಾಗ್ ನೋಡ್ಕೊಳ್ತೀರಾ? ಈಗ ಬಂದ್ಬಿಟ್ಟೆ" ಎಂದು ಇಟ್ಟು ಮಾಯವಾಗುತ್ತಿದ್ದರು. ಮಾಮನಿಗೆ 'ಆಗುವುದಿಲ್ಲ' ಎಂಬ ಶಬ್ದ ಗೊತ್ತಿರಲಿಲ್ಲ. ನಾದಿನಿಯ ಮದುವೆಯಲ್ಲಿ ಊಟಕ್ಕೂ ಏಳದೆ ಒಂದು ಟ್ರಂಕು ಕಾಯ್ದಿದ್ದರು. ಆ ಟ್ರಂಕು ಪಕ್ಕದ ಛತ್ರದಲ್ಲಿ ನಡೆಯುತ್ತಿದ್ದ ಇನ್ನಾರದೋ ಮದುವೆಯದೆಂದು ಸಂಜೆ ಗೊತ್ತಾಯಿತು.

ಬೀದಿಗೆಲ್ಲ ಅವರು ಮಾಮ ಆದಮೇಲೆ ಅವರ ಹೆಂಡತಿ ಬೀದಿಗೆಲ್ಲ ಅತ್ತೆ. ಪ್ರವಾಸದ ಬಹುಮಾನ ಗೆದ್ದದ್ದು ನಿಜವಾಗಿ ಈ ಅತ್ತೆ. ಬಟ್ಟೆ ಒಗೆಯುವ ಪುಡಿಯ ಪೊಟ್ಟಣದೊಳಗೆ ಕೂಪನ್ ಸಿಕ್ಕಿತು, ಕಳಿಸಿದರು, ಬಂದೇ ಬಂತು: ಒಬ್ಬರಿಗೆ ಪ್ರಪಂಚ ಪ್ರವಾಸ! ಅತ್ತೆ ಅಡುಗೆ ಮನೆಯಲ್ಲಿ ಕುಣಿದಾಡಿಬಿಟ್ಟರು. ಅಲ್ಲಿ ಒಲೆಯ ಮೇಲ್ಗಡೆ ಒಂದು ಹಳೆಯ ಕ್ಯಾಲೆಂಡರ್ ಇತ್ತು. ಅದರ ತಿಂಗಳುಗಳೆಲ್ಲ ಎಂದೋ ಮುಗಿದುಹೋಗಿದ್ದರೂ ಚಿತ್ರಗಳಿಗಾಗಿ ಅತ್ತೆ ಅದನ್ನು ತೆಗೆದಿರಲಿಲ್ಲ. ಪಿರಮಿಡ್ಡು, ಮಹಾಗೋಡೆ, ಜಲಪಾತ, ವಾಲಿದ ಗೋಪುರ. ಹಾಲು ಉಕ್ಕುವುದನ್ನು ಕಾಯುತ್ತ ಅವರು ಎಷ್ಟು ಸಲ ಪಿರಮಿಡ್ಡಿಗೆ ಹೋಗಿ ಬಂದಿದ್ದರೋ! ಹಾಲು ಮಾತ್ರ ಪ್ರತಿ ಸಲವೂ ಉಕ್ಕಿಯೇ ಉಕ್ಕುತ್ತಿತ್ತು.

ಆದರೆ ಅತ್ತೆಯ ಹೊಟ್ಟೆ ಚಕ್ರದ ಮೇಲೆ ನಿಲ್ಲುವಂಥದ್ದಲ್ಲ. ಬಸ್ಸು ಮೊದಲ ತಿರುವು ಮುಟ್ಟುವ ಮೊದಲೇ ಅವರ ತಲೆ ಕಿಟಕಿಯ ಹೊರಗಿರುತ್ತಿತ್ತು. ಇನ್ನು ವಿಮಾನವೆಂದರೆ ಅದಕ್ಕೆ ಕಿಟಕಿ ತೆಗೆಯುವ ಸೌಕರ್ಯವೂ ಇಲ್ಲ.

ಅತ್ತೆಯ ತಂಗಿಯ ಗಂಡ, ಅಂದರೆ ಮಾಮನ ಷಡ್ಡಕ, ಓಡೋಡಿ ಬಂದ. ಅವನದು ಟಿವಿ ಅಂಗಡಿ. ಅಂಗಡಿಯ ಅಷ್ಟೂ ಟಿವಿಗಳಲ್ಲಿ ದಿನವಿಡೀ ಪ್ರಪಂಚ ನೋಡುತ್ತಿದ್ದುದರಿಂದ ಪ್ರಪಂಚ ತನ್ನದೇ ಎಂದುಕೊಂಡಿದ್ದ.

"ಅತ್ತಿಗೆ, ಆ ಟಿಕೆಟ್ ನನಗೆ ಕೊಡಿ. ಭಾವನಿಗೆ ಇದೆಲ್ಲ ಯಾಕೆ? ನಾನಾದ್ರೆ ಅರ್ಥ ಮಾಡ್ಕೊಂಡು ನೋಡ್ತೀನಿ."

"ಅರ್ಥ ಯಾರಿಗೆ ಬೇಕು? ನನಗೆ ನೋಡ್ಬೇಕಾಗಿರೋದು" ಎಂದರು ಅತ್ತೆ. ಗಂಡನ ಕಡೆ ತಿರುಗಿ, "ಏನ್ರೀ, ನೀವೇ ಹೋಗಿ. ನನ್ನ ಕಣ್ಣು ನಿಮ್ಮ ಜೊತೆ ಕಳಿಸ್ತಿದೀನಿ ಅಂದ್ಕೊಳ್ಳಿ. ಚೆನ್ನಾಗಿ ನೋಡ್ಕೊಂಡು ಬಂದು, ಒಂದೂ ಬಿಡದೆ ನನಗೆ ಹೇಳ್ಬೇಕು. ಕ್ಯಾಲೆಂಡರಿನಲ್ಲಿ ಕಾಣೋದು ಬೇಡ. ಕಾಣ್ದೇ ಇರೋದು ಹೇಳಿ."

"ನೋಡ್ಕೊಂಡು ಬರ್ತೀನಿ ಕಣೇ" ಎಂದು ಮಾಮ ಕೈ ಮೇಲೆ ಕೈ ಹಾಕಿ ಭಾಷೆ ಕೊಟ್ಟರು. ಮದುವೆಯಾದ ಮೇಲೆ ಹೆಂಡತಿಗೆ ಕೊಟ್ಟ ಮಾತಿಗೆ ಅವರು ಎಂದೂ ತಪ್ಪಿದವರಲ್ಲ. ಕೊಟ್ಟ ಮಾತುಗಳೇ ಕಡಿಮೆ ಎನ್ನುವುದು ಬೇರೆ ವಿಷಯ.

ಐಫೆಲ್ ಗೋಪುರದ ಹತ್ತಿರ ಬಸ್ಸಿಳಿದಾಗ ಪ್ರವಾಸದ ತಂಡಕ್ಕೆ ಗೊತ್ತಾಯಿತು: ದೊಡ್ಡ ಬ್ಯಾಗುಗಳನ್ನು ಮೇಲೆ ಒಯ್ಯುವ ಹಾಗಿಲ್ಲ. ಎಲ್ಲರೂ ಕಂಗಾಲು. ತಂಡದಲ್ಲಿ ಮಾಮನ ಊರಿನವರೇ ಆದ ಹಲ್ಲಿನ ಡಾಕ್ಟರಮ್ಮ ಒಬ್ಬರು ಗಂಡನ ಜೊತೆ ಬಂದಿದ್ದರು. ಅವರು ಮಾಮನನ್ನು ದಿಟ್ಟಿಸಿ ನೋಡಿ ಕಿರುಚಿಯೇಬಿಟ್ಟರು.

"ಅಯ್ಯೋ! ನೀವು ಸ್ಟೇಷನ್ ಲಗೇಜ್ ರೂಮಿನೋರಲ್ವಾ? ದೇವರು ಬಂದ ಹಾಗೆ ಬಂದ್ರಿ! ಸ್ವಲ್ಪ ಈ ಬ್ಯಾಗ್ ನೋಡ್ಕೊಳ್ತೀರಾ? ಈಗ ಬಂದ್ಬಿಟ್ಟೆ."

ಮಾಮನ ಕೈ ತಾನಾಗಿ ಮುಂದೆ ಬಂತು. ಒಂದು ಬ್ಯಾಗಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಎದುರಿಗೆ ಗುಡ್ಡೆ ಬಿತ್ತು. ಇನ್ನು ಬೆನ್ನಿಗೆ ಗೋಡೆ ಬೇಕಲ್ಲ? ಐಫೆಲ್ ಗೋಪುರದ ಪಾದಕ್ಕಿಂತ ಗಟ್ಟಿಯಾದ ಗೋಡೆ ಎಲ್ಲಿ ಸಿಗಬೇಕು! ಮಾಮ ಅದಕ್ಕೆ ಬೆನ್ನು ಕೊಟ್ಟು ಕುಳಿತರು. ಅಲ್ಲಿಗೆ ಅವರ ಪ್ರಪಂಚ ದರ್ಶನದ ದಿಕ್ಕು ನಿಶ್ಚಯವಾಯಿತು. ಮಾರನೆಯ ದಿನದಿಂದ ತಂಡದವರು ಅವರನ್ನು 'ಬ್ಯಾಗಣ್ಣ' ಎಂದೇ ಕರೆದರು.

ಒಂದೇ ಒಂದು ಸಲ ತಿರುಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹಾಗೆ ಕೇಳುವವರು ಇನ್ನೊಬ್ಬರ ಸಾಮಾನು ಕಾಯ್ದವರಲ್ಲ. ಪಿರಮಿಡ್ಡಿನ ಹತ್ತಿರ ಮಾಮ ಧೈರ್ಯ ಮಾಡಿ ಕುತ್ತಿಗೆಯನ್ನು ಕಾಲುಭಾಗ ತಿರುಗಿಸಿದ್ದು ನಿಜ. ಅಷ್ಟರಲ್ಲಿ ಒಂದು ಒಂಟೆ ಬಂದು ಡಾಕ್ಟರಮ್ಮನ ಬ್ಯಾಗಿನ ಪಟ್ಟಿಯನ್ನು ಬಾಯಿಗೆ ಹಾಕಿಕೊಂಡಿತು. ಒಂಟೆಗೂ ಮಾಮನಿಗೂ ಬಹಳ ಹೊತ್ತು ಎಳೆದಾಟ ನಡೆಯಿತು. ಪಟ್ಟಿ ವಾಪಸು ಬಂತು, ಜೊತೆಗೆ ಒಂಟೆಯ ಜೊಲ್ಲೂ ಬಂತು. ಆಮೇಲೆ ಮಾಮ ಕುತ್ತಿಗೆಯನ್ನು ನಂಬಲಿಲ್ಲ. ಜಲಪಾತದ ಹತ್ತಿರ ಬ್ಯಾಗುಗಳ ಮೇಲೆ ಪ್ಲಾಸ್ಟಿಕ್ ಹೊದಿಸುವುದರಲ್ಲೇ ಅವರ ಬೆನ್ನು ತೊಯ್ದು ತೊಪ್ಪೆಯಾಯಿತು. ಮಹಾಗೋಡೆಯಂತೂ ಸರಿಯೇ ಸರಿ. ಅದರ ಹೆಸರೇ ಗೋಡೆ!

ಪ್ರವಾಸ ಮುಗಿದು ಮನೆ ಬಾಗಿಲಿಗೆ ಬಂದಾಗಲೇ ಮಾಮನಿಗೆ ಕೊಟ್ಟ ಭಾಷೆ ನೆನಪಾಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಹಿಂದೆ ಅರ್ಧ ಬೀದಿ. ಅತ್ತೆಯ ಕೈಯಲ್ಲಿ ಕ್ಯಾಲೆಂಡರ್.

"ಹೇಳ್ರೀ! ಪಿರಮಿಡ್ಡಿನಿಂದ ಶುರು ಮಾಡಿ! ಹೇಗಿತ್ತು?"

ಮಾಮ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಕಣ್ಣಲ್ಲಿ ನೀರು ಬಂತು.

"ನೋಡಿ, ನೋಡಿ!" ಎಂದು ಅತ್ತೆ ಬೀದಿಯ ಕಡೆ ತಿರುಗಿದರು. "ಮಾತೇ ಹೊರಡ್ತಿಲ್ಲ ಇವರಿಗೆ! ಅಷ್ಟು ನೋಡ್ಬಿಟ್ಟಿದಾರೆ! ಪಾಪ, ತುಂಬಿ ಬಂದಿದೆ. ಎಲ್ಲ ಸ್ವಲ್ಪ ಜಾಗ ಬಿಡಿ."

ಬೀದಿ ಭಕ್ತಿಯಿಂದ ಜಾಗ ಬಿಟ್ಟಿತು.

ಮಾಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಿದರೆ ಕಿವಿ ಟೊಮೆಟೊ ಆಗುತ್ತಿತ್ತು. ನಿಜ ಹೇಳಲು ಧೈರ್ಯವಿರಲಿಲ್ಲ. ಹೀಗಾಗಿ ಅವರು ತಮಗೆ ಗೊತ್ತಿದ್ದಷ್ಟನ್ನು ಮಾತ್ರ ಹೇಳಲು ತೀರ್ಮಾನಿಸಿದರು. ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿರಲಿಲ್ಲ.

ಮರುದಿನ ಕ್ಷೌರಕ್ಕೆ ಹೋದರು. ಕ್ಷೌರಿಕ ಕತ್ತರಿ ನಿಲ್ಲಿಸಿ, "ಮಾಮ, ಪಿರಮಿಡ್ಡು ಹೇಗಿದೆ?" ಎಂದು ಕೇಳಿದ. ಕಾಯುತ್ತ ಕುಳಿತಿದ್ದವರು ಪೇಪರ್ ಮಡಚಿದರು.

ಮಾಮ ಬಹಳ ಯೋಚಿಸಿ, "ಮಧ್ಯಾಹ್ನ ಕಳೀತಾ ಇದ್ದ ಹಾಗೆ ಅದರ ನೆರಳು ನನ್ನ ಮೇಲೆ ಬಂತು" ಎಂದರು.

ಕ್ಷೌರಿಕನ ಕೈಯ ಮೇಲಿನ ಕೂದಲು ನಿಮಿರಿತು.

"ಆಹಾ! ಎಲ್ಲರೂ ಅದು ಎಷ್ಟು ಎತ್ತರ ಅಂತ ಹೇಳ್ತಾರೆ. ಇವರು ನೆರಳು ತಮ್ಮ ಮೇಲೆ ಬಂತು ಅಂತಾರೆ! ಎಂಥಾ ಮಾತು!"

"ಜಲಪಾತ?" ಎಂದರು ಪೇಪರಿನವರು ಉಸಿರು ಬಿಗಿಹಿಡಿದು.

"ಬೆನ್ನೆಲ್ಲ ಒದ್ದೆಯಾಯ್ತು."

"ಕಣ್ಣಲ್ಲಿ ನೋಡೋರು ಎಲ್ಲ ಕಡೆ ಇದಾರೆ ಸ್ವಾಮಿ," ಎಂದು ಕ್ಷೌರಿಕ ಕೈಮುಗಿದ. "ಬೆನ್ನಲ್ಲಿ ನೋಡಿದೋರು ಇವರೊಬ್ಬರೇ!"

ಕ್ಷೌರಿಕ ನಿಜವನ್ನೇ ಹೇಳಿದ್ದ. ಅದು ನಿಜವೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಅವತ್ತು ಅವನು ಕ್ಷೌರದ ದುಡ್ಡು ತೆಗೆದುಕೊಳ್ಳಲಿಲ್ಲ.

ಸುದ್ದಿ ಹಬ್ಬಿತು. ಲಗೇಜ್ ರೂಮಿನ ಕಟಕಟೆಯ ಮುಂದೆ ಸಾಲು ಬೆಳೆಯಿತು. ರೈಲು ಹತ್ತುವ ಉದ್ದೇಶವೇ ಇಲ್ಲದವರು ಮನೆಯಿಂದ ಖಾಲಿ ಚೀಲ ತಂದು ಕೊಟ್ಟು, ಟೋಕನ್ ಈಸಿಕೊಳ್ಳುವ ನೆಪದಲ್ಲಿ ಒಂದೆರಡು ಮಾತು ಕೇಳಿ ಹೋಗತೊಡಗಿದರು. ಸ್ಟೇಷನ್ ಮಾಸ್ಟರು ತಮ್ಮ ಕುರ್ಚಿಯ ದಿಂಬನ್ನೇ ತಂದು ಮಾಮನ ಸ್ಟೂಲಿನ ಮೇಲೆ ಹಾಕಿದರು. "ನೀವು ಕೆಳಗೆ ಕೂತ್ರೆ ನಮಗೇ ಅವಮಾನ ಸಾರ್" ಎಂದರು. ಇಷ್ಟು ವರ್ಷ "ಏನಯ್ಯಾ" ಎಂದು ಕರೆಯುತ್ತಿದ್ದ ಬಾಯಿಂದ ಬಂದ ಆ 'ಸಾರ್' ಕೇಳಿ ಮಾಮ ಸ್ಟೂಲಿನಿಂದ ಜಾರಿಯೇಬಿಟ್ಟರು.

ಮನೆಯಲ್ಲಿ ಮಾತ್ರ ಬೆಂಕಿಯ ಮೇಲೆ ಕುಳಿತ ಹಾಗಿತ್ತು. ಅತ್ತೆ ಆತುರಪಡಿಸುತ್ತಿರಲಿಲ್ಲ. ಅದೇ ಮಾಮನಿಗೆ ದೊಡ್ಡ ಶಿಕ್ಷೆಯಾಗಿತ್ತು.

"ನಿಧಾನವಾಗಿ ಹೇಳಿ. ಇಷ್ಟು ವರ್ಷ ಕಾದಿದೀನಿ, ಇನ್ನೊಂದು ನಾಲ್ಕು ದಿನ ಏನು ಮಹಾ! ಒಂದೇ ಒಂದು ಕೇಳ್ತೀನಿ. ಆ ವಾಲಿದ ಗೋಪುರ ಹತ್ತಿರದಿಂದ ನೋಡಿದ್ರೆ ಮೈ ಮೇಲೆ ಬೀಳುತ್ತೆ ಅನ್ನಿಸುತ್ತಾ?"

"ಲೇ, ಒಂದು ವಿಷಯ ಹೇಳ್ಬೇಕಿತ್ತು..." ಎಂದು ಮಾಮ ಎದೆ ಗಟ್ಟಿ ಮಾಡಿಕೊಂಡರು.

ಆಗಲೇ ಬಾಗಿಲು ದಡದಡ. ಬೀದಿ ಸಂಘದ ಅಧ್ಯಕ್ಷರು! ನಿವೃತ್ತ ಹೆಡ್‌ಮಾಸ್ಟರ್. ಎದುರಿಗೆ ಇಬ್ಬರಿದ್ದರೂ ಸಭೆ ಎಂದೇ ತಿಳಿದು ಮಾತಾಡುವವರು. ಅವರ ಹಿಂದೆ ಹಲ್ಲು ಕಿರಿಯುತ್ತ ಷಡ್ಡಕ.

"ಬಂಧುಗಳೇ!" ಎಂದರು ಅಧ್ಯಕ್ಷರು, ಮಾಮ ಮತ್ತು ಅತ್ತೆಯನ್ನು ಉದ್ದೇಶಿಸಿ. "ಶನಿವಾರ ಸಂಜೆ ಸಂಘದ ಹಾಲಿನಲ್ಲಿ 'ವಿಶ್ವ ಪರ್ಯಟಕರೊಂದಿಗೆ ಒಂದು ಸಂಜೆ'. ಬ್ಯಾನರ್ ಬರೆಸಿಯಾಗಿದೆ. ತಾವು ಮಾತಾಡಬೇಕು!"

"ನಾನಾ? ನನಗೆ ಮಾತು ಬರಲ್ಲ ಸಾರ್."

"ಮಾತು ಬರದೇ ಇರೋದೇ ತಮ್ಮ ದೊಡ್ಡ ಗುಣ. ಊರೆಲ್ಲ ಅದನ್ನೇ ಹೇಳ್ತಿದೆ!"

"ದೊಡ್ಡ ಟಿವಿ ನಾನು ತರ್ತೀನಿ ಭಾವ," ಎಂದ ಷಡ್ಡಕ ಜೇನಿನಂಥ ದನಿಯಲ್ಲಿ. "ಚಿತ್ರಗಳೆಲ್ಲ ನಾನೇ ಹಾಕ್ತೀನಿ. ನೀವು ಪಕ್ಕದಲ್ಲಿ ನಿಂತು ವಿವರಿಸಿದ್ರೆ ಸಾಕು. ಅರ್ಥ ಮಾಡ್ಕೊಂಡು ನೋಡಿದೀರಲ್ಲ?"

ಮಾಮ ಹೆಂಡತಿಯ ಮುಖ ನೋಡಿದರು. ಅತ್ತೆಯ ಮುಖ ಅರಳಿ ಮೊರದಷ್ಟಾಗಿತ್ತು. "ಹಾಗಾದ್ರೆ ನನಗೂ ಅಲ್ಲೇ ಹೇಳಿ. ಮೊದಲ ಸಾಲಲ್ಲಿ ಕೂತು ಕೇಳ್ತೀನಿ" ಎಂದರು. ಅಲ್ಲಿಗೆ ಮಾಮನ ಕಥೆ ಮುಗಿಯಿತು.

ಶನಿವಾರ ಸಂಜೆ ಸಂಘದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಷೌರಿಕ ಅಂಗಡಿ ಮುಚ್ಚಿ ಬಂದಿದ್ದ. ಸ್ಟೇಷನ್ ಮಾಸ್ಟರು ಹಸಿರು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಮೊದಲ ಸಾಲಿನ ನಡುವೆ ಅತ್ತೆ, ಇಸ್ತ್ರಿ ಮಾಡಿದ ಸೀರೆಯುಟ್ಟು, ಮಡಿಲಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು. ಮಾಮ ವೇದಿಕೆ ಹತ್ತಿದವರೇ ಅಭ್ಯಾಸಬಲದಿಂದ ಗೋಡೆ ಹುಡುಕಿದರು. ಗೋಡೆಗೆ ಆನಿಸಿ ಷಡ್ಡಕನ ಟಿವಿ ಇತ್ತು, ಬಾಗಿಲಿನಷ್ಟು ದೊಡ್ಡದು. ಮಾಮ ಹೋಗಿ ಅದರ ಒಂದು ಅಂಚಿಗೆ ಬೆನ್ನು ಕೊಟ್ಟು ನಿಂತರು. ಪ್ರಪಂಚದ ಅದ್ಭುತಗಳು ಮತ್ತೆ ಅವರ ಬೆನ್ನ ಹಿಂದೆಯೇ ಬಂದು ನಿಂತವು!

ಮೊದಲ ಚಿತ್ರ ಬಂತು. ಯಾವುದು ಬಂತು ಎಂದು ಮಾಮನಿಗೆ ಹೇಗೆ ತಿಳಿಯಬೇಕು? ತಿರುಗಿ ನೋಡಲು ಕುತ್ತಿಗೆ ಒಪ್ಪಲಿಲ್ಲ. ಎದುರಿಗೆ ನೋಡಿದರು. ಅಷ್ಟೂ ಜನ ಕತ್ತನ್ನು ಬಲಗಡೆಗೆ ವಾಲಿಸಿ ಕುಳಿತಿದ್ದರು. ಅಧ್ಯಕ್ಷರ ಕನ್ನಡಕ ಕೂಡ ವಾಲಿತ್ತು.

ಈ ಮುಖಗಳನ್ನು ಮಾಮ ನೋಡಿದ್ದರು! ಬ್ಯಾಗಿನ ಗುಡ್ಡೆಯ ಆಚೆ ನಿಂತು ಜನ ಹೀಗೇ ತಲೆ ವಾಲಿಸಿ ನೋಡುತ್ತಿದ್ದರಲ್ಲ!

"ಇದು... ಪೀಸಾದ ವಾಲಿದ ಗೋಪುರ" ಎಂದರು.

ಚಪ್ಪಾಳೆಯೋ ಚಪ್ಪಾಳೆ! "ನೋಡದೇನೇ ಹೇಳ್ತಾರೆ! ಮನಸ್ಸಿನಲ್ಲೇ ಅಚ್ಚೊತ್ತಿದೆ!" ಎಂದು ಕ್ಷೌರಿಕ ಎದ್ದು ನಿಂತು ಕೂಗಿದ.

ಎರಡನೆಯ ಚಿತ್ರಕ್ಕೆ ಗದ್ದಗಳೆಲ್ಲ ಮೇಲೆದ್ದವು. "ಐಫೆಲ್!" ಎಂದರು ಮಾಮ. ಮೂರನೆಯದಕ್ಕೆ ಜನರ ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹರಿದಾಡಿತು, ಎಲ್ಲೂ ಮುಗಿಯಲಿಲ್ಲ. "ಮಹಾಗೋಡೆ!" ಎಂದರು. ಮಾಮನಿಗೆ ಹುಮ್ಮಸ್ಸು ಬಂದುಬಿಟ್ಟಿತು. ದನಿ ಏರಿತು. ಬಲಗೈ ತಾನಾಗಿ ಗಾಳಿಯಲ್ಲಿ ಆಡತೊಡಗಿತು. ಅತ್ತೆಯಂತೂ ಪಕ್ಕದವರ ತೋಳು ಹಿಡಿದು ಹಿಂಡುತ್ತ, "ನಮ್ಮ ಯಜಮಾನ್ರು! ನಮ್ಮ ಯಜಮಾನ್ರು!" ಎನ್ನುತ್ತಿದ್ದರು, ಬೇರೆ ಯಾರೋ ಅವರನ್ನು ತಮ್ಮವರೆಂದು ಹೇಳಿಬಿಡುತ್ತಾರೇನೋ ಎನ್ನುವಂತೆ.

ಷಡ್ಡಕನ ಹೊಟ್ಟೆ ಉರಿಯಿತು. ಬೆಳಗಿನಿಂದ ಜೇಬಿನ ಪೆನ್‌ಡ್ರೈವಿನಲ್ಲಿ ಬಚ್ಚಿಟ್ಟುಕೊಂಡಿದ್ದ ಕೊನೆಯ ಚಿತ್ರವನ್ನು ಹಾಕಿದ. "ಭಾವ, ಇದರ ಬಗ್ಗೆ ಹೇಳಿ!"

ಮಾಮ ಎದುರಿಗೆ ನೋಡಿದರು. ಯಾವ ಕತ್ತೂ ವಾಲಲಿಲ್ಲ, ಯಾವ ಗದ್ದವೂ ಏಳಲಿಲ್ಲ. ಎಲ್ಲರ ಹುಬ್ಬೂ ಗಂಟಾಗಿತ್ತು. ಇಂಥ ಮುಖ ಅವರು ಪ್ರಪಂಚದಲ್ಲೆಲ್ಲೂ ನೋಡಿರಲಿಲ್ಲ. ಆದರೆ ಕುದುರೆ ಓಡುತ್ತಿತ್ತು, ಲಗಾಮು ಕೈಯಲ್ಲಿರಲಿಲ್ಲ.

"ಇದು..." ಎಂದು ದನಿ ನಡುಗಿಸಿದರು, "ಇದನ್ನ ನೋಡೋಕೆ ಏಳು ಸಮುದ್ರ ದಾಟಬೇಕು! ಇದರ ಎದುರಿಗೆ ನಿಂತಾಗ ನನಗೆ ನನ್ನ ಊರೇ ಮರೆತುಹೋಯ್ತು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸ್ಟೇಷನ್ ಮಾಸ್ಟರು ಮೆಲ್ಲಗೆ ಎಂದರು: "ಸಾರ್... ಅದು ನಮ್ಮ ಸ್ಟೇಷನ್ನಿನ ಗಡಿಯಾರದ ಗೋಪುರ."

ಮಾಮ ತಿರುಗಿದರು. ಆ ಪ್ರವಾಸವೆಲ್ಲ ತಿರುಗದ ಕುತ್ತಿಗೆ ಈಗ ತಿರುಗಿತು! ನಿಜ, ಅವರ ಲಗೇಜ್ ರೂಮಿನ ಹಿಂದಿನ ಗೋಡೆಯೇ ಆ ಗೋಪುರದ್ದು. ನೌಕರಿಗೆ ಸೇರಿದ ದಿನದಿಂದ ಅದಕ್ಕೇ ಬೆನ್ನು ಕೊಟ್ಟು ಕುಳಿತವರು. ನಗೆಯ ಅಲೆ ಹಿಂದಿನ ಸಾಲಿನಿಂದ ಎದ್ದು ಮುಂದಕ್ಕೆ ಬಂತು. ಮೊದಲ ಸಾಲಿನಲ್ಲಿ ಒಬ್ಬರು ಮಾತ್ರ ನಗಲಿಲ್ಲ.

ಇಷ್ಟು ಸಾಲದೆಂಬಂತೆ ಅದೇ ಹೊತ್ತಿಗೆ ಬಾಗಿಲಲ್ಲಿ ಹಲ್ಲಿನ ಡಾಕ್ಟರಮ್ಮ! ಅಧ್ಯಕ್ಷರು ಸಭೆಗೆ ಶೋಭೆ ಇರಲೆಂದು ಅವರನ್ನೂ ಕರೆದಿದ್ದರು. ಡಾಕ್ಟರಮ್ಮ ವೇದಿಕೆಯತ್ತ ನೋಡಿದ್ದೇ ತಡ, ಅರಳಿದ ಮುಖದಿಂದ ಧಾವಿಸಿ ಬಂದು, ತಮ್ಮ ಬ್ಯಾಗನ್ನು ಮಾಮನ ಕಾಲ ಬಳಿ ಇಟ್ಟುಬಿಟ್ಟರು.

"ಅಯ್ಯೋ ನಮ್ಮ ಬ್ಯಾಗಣ್ಣ! ಸ್ವಲ್ಪ ಇದನ್ನ ನೋಡ್ಕೊಳ್ಳಿ!" ಆಮೇಲೆ ಮೈಕು ಕಸಿದುಕೊಂಡು ಸಭೆಗೆ ಹೇಳಿದರು: "ಇವರ ಉಪಕಾರ ಹೇಗೆ ತೀರಿಸ್ಬೇಕೋ ಗೊತ್ತಿಲ್ಲ ರೀ! ನಾವೆಲ್ಲ ಹಾಯಾಗಿ ಪ್ರಪಂಚ ನೋಡಿದ್ವಿ. ಇವರು ಪಾಪ, ಒಂದು ಕಡೆಯೂ ಒಳಗೆ ಬರ್ಲಿಲ್ಲ. ಎಲ್ಲ ಕಡೆ ನಮ್ಮ ಬ್ಯಾಗ್ ಕಾಯ್ಕೊಂಡು, ಬೆನ್ನು ತಿರುಗಿಸಿ ಕೂತಿದ್ರು! ಒಂದು ಕರ್ಚೀಫ್ ಕೂಡ ಕಳೀಲಿಲ್ಲ!"

ಡಾಕ್ಟರಮ್ಮ ನೋವಾಗದಂತೆ ಹಲ್ಲು ಕೀಳುವುದಕ್ಕೆ ಹೆಸರಾದವರು. ಅವತ್ತು ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡಲು ಮರೆತಿದ್ದರು.

ಅತ್ತೆ ಎದ್ದರು. ಕ್ಯಾಲೆಂಡರನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಾಲಿನಿಂದ ಹೊರಗೆ ನಡೆದರು. ಮಾಮ ವೇದಿಕೆಯಿಂದ ಹಾರಿ ಹಿಂದೆ ಓಡಿದರು. ನಾಲ್ಕು ಹೆಜ್ಜೆ ಓಡಿ, ವಾಪಸು ಬಂದು, ಡಾಕ್ಟರಮ್ಮನ ಬ್ಯಾಗನ್ನು ಅಧ್ಯಕ್ಷರ ಕೈಗೆ ಕೊಟ್ಟು, "ನೋಡ್ಕೊಳ್ಳಿ" ಎಂದು ಮತ್ತೆ ಓಡಿದರು.

ಬೀದಿಯಲ್ಲಿ ಅತ್ತೆ ಮುಂದೆ, ಮಾಮ ಹಿಂದೆ. ದರ್ಜಿಯ ಅಂಗಡಿಯನ್ನೂ ದಾಟಿದರು. ಆಮೇಲೆ ಅತ್ತೆ ಗಕ್ಕನೆ ನಿಂತರು.

"ನನ್ನ ಕಣ್ಣು ತಗೊಂಡು ಹೋಗಿ ಬ್ಯಾಗ್ ನೋಡಿದ್ರಾ?"

"ತಪ್ಪಾಯ್ತು ಕಣೇ."

"ಒಂದೇ ಒಂದ್ಸಲ ತಿರುಗಬಾರದಾಗಿತ್ತಾ?"

"ತಿರುಗಿದೆ. ಒಂಟೆ ಬಂತು."

ಬೇರೆ ದಿನವಾಗಿದ್ದರೆ ಅತ್ತೆಗೆ ನಗು ಬರುತ್ತಿತ್ತು. ಅವತ್ತು ಬರಲಿಲ್ಲ. "ಹಾಗಾದ್ರೆ ನನಗೆ ಏನೂ ಇಲ್ಲ. ಅಲ್ವಾ? ಅಷ್ಟು ದೂರ ಹೋಗಿ ಬಂದು ಏನೂ ಇಲ್ಲ."

ಮಾಮನಿಗೆ ಸಂಕಟ ತಡೆಯಲಾಗಲಿಲ್ಲ. "ಗೋಪುರ ನೋಡ್ಲಿಲ್ಲ ಕಣೇ, ನೋಡೋರನ್ನ ನೋಡಿದೆ" ಎಂದರು. "ನನ್ನೆದುರಿಗೆ ಬ್ಯಾಗು, ಬ್ಯಾಗಿನ ಆಚೆ ಮುಖಗಳು. ಬಸ್ಸಲ್ಲಿ ಇಡೀ ದಾರಿ ಜಗಳ ಆಡ್ಕೊಂಡು ಬಂದ ಗಂಡ ಹೆಂಡ್ತಿ ಆ ವಾಲಿದ ಗೋಪುರ ನೋಡಿದ್ದೇ ತಡ, ಇಬ್ರೂ ಒಂದೇ ಕಡೆ ತಲೆ ವಾಲಿಸಿದ್ರು. ಆಮೇಲೆ ಜಗಳ ಎಲ್ಲಿಗೆ ಬಂದಿತ್ತು ಅನ್ನೋದೇ ಇಬ್ರಿಗೂ ಮರೆತುಹೋಯ್ತು. ಪಿರಮಿಡ್ಡು ನೋಡಿ ಬಂದ ಡಾಕ್ಟರಮ್ಮ ಅಳ್ತಾ ಇದ್ರು. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಗಂಡನ ಕೈ ಹಿಡ್ಕೊಂಡು ಸುಮ್ನೆ ಹೋದ್ರು. ಪ್ರತಿ ಸಲ ನಿನ್ನ ನೆನಪಾಗೋದು. ಕೈ ಹಿಡ್ಕೊಳ್ಳೋಣ ಅಂದ್ರೆ ನನ್ನ ಹತ್ರ ಬರೀ ಬ್ಯಾಗ್ ಇತ್ತು."

ಅತ್ತೆ ಗಂಡನ ಮುಖ ನೋಡಿದರು. ಕಿವಿ ಕೆಂಪಾಗಿರಲಿಲ್ಲ.

"ಇದು ಕ್ಯಾಲೆಂಡರಿನಲ್ಲಿ ಇಲ್ಲ" ಎಂದರು. ಆಮೇಲೆ ಮೂಗೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅತ್ತೆ ಹಾಗೆ ಸೆರಗು ಸಿಕ್ಕಿಸಿದರೆ ಬೀದಿಯಲ್ಲಿ ಏನೋ ಆಗುತ್ತದೆ ಎಂದೇ ಅರ್ಥ. "ನಿಮ್ಮ ಸ್ಟೇಷನ್ನಿನ ಗೋಪುರ ಯಾವತ್ತು ತೆಗೀತಾರೆ?"

"ಭಾನುವಾರ. ಊರವರೆಲ್ಲ ಹತ್ತಿ ನೋಡ್ತಾರಲ್ಲ."

"ನೀವು ಹತ್ತಿದೀರಾ?"

"ನಾನು ಹೇಗೆ ಹತ್ತಲಿ? ಹತ್ತೋರ ಬ್ಯಾಗ್ ನನ್ನ ಹತ್ರಾನೇ ಇರುತ್ತಲ್ಲ."

"ಅಲ್ಲಿಗೆ ಬಸ್ ಹತ್ಬೇಕಾ? ವಿಮಾನ ಹತ್ಬೇಕಾ? ನಡ್ಕೊಂಡು ಹೋಗ್ಬಹುದು. ಮೆಟ್ಟಿಲಿಗೆ ಚಕ್ರ ಇಲ್ಲ, ನನ್ನ ಹೊಟ್ಟೆಗೂ ತೊಂದ್ರೆ ಇಲ್ಲ. ನಾಳೆ ನಾವಿಬ್ರೂ ಹೋಗ್ತಿದೀವಿ!"

ಭಾನುವಾರ ಬೆಳಿಗ್ಗೆ ಇಡೀ ಬೀದಿ ಸ್ಟೇಷನ್ನಿನ ಮುಂದೆ ನೆರೆದಿತ್ತು. ಹಿಂದಿನ ದಿನ ನಕ್ಕವರಿಗೆಲ್ಲ ಸ್ವಲ್ಪ ನಾಚಿಕೆಯಾಗಿತ್ತು, ಮುಂದೇನಾಗುತ್ತದೋ ಎಂಬ ಕುತೂಹಲ ಅದಕ್ಕಿಂತ ಹೆಚ್ಚಾಗಿತ್ತು. ಸ್ಟೇಷನ್ ಮಾಸ್ಟರು ತಾವೇ ಬೀಗ ತೆಗೆದರು. ಮಾಮನ ಒಂದು ಕಾಲು ಮೆಟ್ಟಿಲ ಮೇಲಿತ್ತು; ಹಿಂದಿನಿಂದ ಯಾರೋ, "ಮಾಮ, ಸ್ವಲ್ಪ ಈ ಬ್ಯಾಗ್..." ಎಂದರು.

ಮಾಮನ ಕೈ ತಾನಾಗಿ ಮುಂದೆ ಬಂತು. ಅತ್ತೆ ಗಾಳಿಯಲ್ಲೇ ಆ ಕೈ ಹಿಡಿದರು. ಹಿಡಿದ ಕೈ ಬಿಡದೆ, ಗುಂಪಿನಲ್ಲಿ ಕಣ್ಣಾಡಿಸಿ, ತಂಗಿಯ ಗಂಡನನ್ನು ಹೆಕ್ಕಿ ತೆಗೆದರು.

"ನೀವು ಬನ್ನಿ ಇಲ್ಲಿ. ಇಲ್ಲಿ ಕೂತ್ಕೊಳ್ಳಿ. ಬೆನ್ನಿಗೆ ಗೋಡೆ ಇರ್ಲಿ. ಕಾಲು ಸ್ವಲ್ಪ ಅಗಲ ಮಾಡಿ. ಹಾಂ. ಎಲ್ರೂ ಬ್ಯಾಗ್ ಇವರ ಹತ್ರ ಇಡಿ! ಇವರು ಅರ್ಥ ಮಾಡ್ಕೊಂಡು ಕಾಯ್ತಾರೆ!"

ಷಡ್ಡಕ ಬಾಯಿ ತೆರೆಯುವ ಮೊದಲೇ ಮಡಿಲಲ್ಲಿ ಬ್ಯಾಗು ಬಿತ್ತು. ಡಾಕ್ಟರಮ್ಮನದು ಮೊದಲನೆಯದು.

ಗಂಡ ಹೆಂಡತಿ ಹತ್ತಿದರು. ಗಡಿಯಾರದ ಹಲ್ಲಿನ ಚಕ್ರಗಳನ್ನು ದಾಟಿ, ಏದುಸಿರು ಬಿಡುತ್ತ, ಕೊನೆಯ ಮೆಟ್ಟಿಲೇರಿ ಹೊರಗೆ ಬಂದರು. ಅತ್ತೆ ಅಂಚಿನ ಕಬ್ಬಿಣದ ಕಟಾಂಜನ ಹಿಡಿದು ನಿಂತರು. "ಅಯ್ಯೋ! ಅಯ್ಯೋ, ನಮ್ಮನೆ! ನಮ್ಮನೆ ಕಾಣ್ತಿದೆ! ಟೆರೇಸಿನ ಮೇಲೆ ನಾನು ಒಣಗಿಸಿದ ನಿಮ್ಮ ಶರ್ಟು! ರೀ, ಹಳಿ ಎಷ್ಟು ದೂರ ಹೋಗುತ್ತೆ! ಎಲ್ಲಿಗೆ ಹೋಗುತ್ತೆ ಅದು?" ಎಂದು ಪುಟ್ಟ ಹುಡುಗಿಯ ಹಾಗೆ ಕುಣಿದರು. ಗಾಳಿಗೆ ಸೆರಗು ಹಾರುತ್ತಿತ್ತು. ಕಣ್ಣು, ಬಾಯಿ, ಮೂಗು, ಎಲ್ಲ ಅರಳಿದ್ದವು.

ಉತ್ತರವೇ ಬರಲಿಲ್ಲವೆಂದು ಅತ್ತೆ ತಿರುಗಿ ನೋಡಿದರೆ, ಮಾಮ ಕಟಾಂಜನಕ್ಕೆ ಬೆನ್ನು ಕೊಟ್ಟು, ಊರಿಗೆಲ್ಲ ಬೆನ್ನು ತಿರುಗಿಸಿ ನಿಂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ಏನ್ರೀ ಇದು! ಇಲ್ಲೂ ಹೀಗೇನಾ?"

"ಇಲ್ಲಿಂದ ಚೆನ್ನಾಗಿ ಕಾಣುತ್ತೆ ಕಣೇ" ಎಂದರು ಮಾಮ.

ಅತ್ತೆಯ ಕೆನ್ನೆ ಕೆಂಪಾಯಿತು. "ಸಾಕು ಸಾಕು, ಮುದುಕನಾದ್ರೂ..." ಎಂದು ಗಂಡನ ಎರಡೂ ಭುಜ ಹಿಡಿದು, ಪೆಟ್ಟಿಗೆಯನ್ನು ತಿರುಗಿಸಿದ ಹಾಗೆ ತಿರುಗಿಸಿದರು. "ನೋಡ್ರೀ! ಒಂದ್ಸಲ ಕಣ್ಣು ಬಿಟ್ಟು ನೋಡಿ! ಏನು ಕಾಣುತ್ತೆ ಹೇಳಿ!"

ಮಾಮ ನೋಡಿದರು. ಮನೆಗಳು, ಬೀದಿಗಳು, ಹೊಳೆಯುವ ಹಳಿಗಳು, ಆಕಾಶ. ಹಿಂದೆ ಗೋಡೆ ಇರಲಿಲ್ಲ. ಹೆಂಡತಿಯ ಕೈ ಇತ್ತು. ಅವರ ಎದೆ ತುಂಬಿ ಬಂತು, ಬಾಯಿ ತೆರೆಯಿತು, ಇನ್ನೇನು ಜೀವಮಾನದ ಮಾತು ಹೊರಡಬೇಕು, ಅಷ್ಟರಲ್ಲಿ ದೃಷ್ಟಿ ಕೆಳಕ್ಕೆ ಜಾರಿತು. ಬುಡದಲ್ಲಿ 'ಹೇಗಿದೆ ಭಾವ?' ಎನ್ನುವಂತೆ ಕತ್ತು ತಿರುಚಿ ಮೇಲೆ ನೋಡುತ್ತ ಕುಳಿತಿದ್ದ ಷಡ್ಡಕ ಕಂಡ.

"ಏಯ್!" ಎಂದು ಮಾಮ ಗೋಪುರ ನಡುಗುವಂತೆ ಕೂಗಿದರು. "ಮೇಲೆ ಏನು ನೋಡ್ತಿದೀಯಾ? ನಿನ್ನೆದುರಿಗೆ ನೋಡು! ಆ ನೀಲಿ ಬ್ಯಾಗಿನ ಜಿಪ್ಪು ತೆರೆದಿದೆ!"